ಫೇರೂನ್, ಎಬೆರಾನ್, ಗ್ಲೊರಾಂಥಾ: ಯಾವ ಲೋಕದ ದೇವರ ಜಾಗ ಆಟಕ್ಕೆ ಒದಗುತ್ತದೆ?

ಈ ಮೂರೂ ರೋಲ್‌ಪ್ಲೇಯಿಂಗ್ ಆಟ ಆಡುವ ಕಲ್ಪನೆಯ ಲೋಕಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ಲೊರಾಂಥಾಕ್ಕೆ. ಆದರೆ ಹೊಸಬರನ್ನು ಕೂರಿಸಿಕೊಂಡು ಮೊದಲ ಸಲ ಆಡಿಸುವವರಿಗೆ ನಾನು ಅದನ್ನು ಹೇಳುವುದಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ನಮ್ಮದು ಚಿಕ್ಕಮಗಳೂರಿನ ಸಣ್ಣ ಗುಂಪು. ಇಬ್ಬರು ಕಾಫಿ ತೋಟದವರು, ಕಾಲೇಜಲ್ಲಿ ಭೂಗೋಳ ಪಾಠ ಮಾಡುವ ಒಬ್ಬ ಅಕ್ಕ, ಹಾಸನದಿಂದ ಬಸ್ಸು ಹತ್ತಿ ಬರುವ ಒಬ್ಬ ಹುಡುಗ, ಆಮೇಲೆ ನಾನು. ಆಡಿಸುವುದು ನಾನೇ. ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ಆಟಕ್ಕೆ ರಜೆ. ಆಷಾಢದ ಮಳೆ ಹಿಡಿದರೆ ಕರೆಂಟೂ ಇರುವುದಿಲ್ಲ, ಎಲ್ಲೂ ಹೋಗೋಕೂ ಆಗುವುದಿಲ್ಲ, ಆಗ ನಮ್ಮ ಆಟ ಜೋರು. ರೋಲ್‌ಪ್ಲೇಯಿಂಗ್ ಗೊತ್ತಿಲ್ಲದವರಿಗೆ ಎರಡೇ ಮಾತು: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಏನಾಗುತ್ತದೋ ಅನ್ನುವ ಕಡೆ ದಾಳ ಉರುಳಿಸುತ್ತಾರೆ.

ಈ ಮೂರೂ ಲೋಕಗಳಲ್ಲಿ ಆಡಿದ ಮೇಲೆ ನಾನು ಅಳೆದಿದ್ದು ಒಂದೇ ವಿಷಯ. ಮ್ಯಾಪ್ ಮೇಲೆ ಒಂದು ದೇವಸ್ಥಾನದ ಗುರುತು ಇದೆ ಅನ್ನಿ. ಆಟಗಾರರು ಯಾರೂ ದೂಡದೆ ತಾವಾಗೇ ಅಲ್ಲಿಗೆ ಹೋಗುತ್ತಾರಾ? ಹೋದರೆ ಅಲ್ಲಿ ಏನಾದರೂ ಆಗುತ್ತದಾ, ಇಲ್ಲ ಸುಮ್ನೆ ಒಂದು ಕಟ್ಟಡವಾ?

ಫೇರೂನ್‌ನಿಂದ ಶುರು ಮಾಡೋಣ, ನಾವೂ ಅಲ್ಲಿಂದಲೇ ಶುರು ಮಾಡಿದ್ದು. ಇದು ಎಡ್ ಗ್ರೀನ್‌ವುಡ್ ಚಿಕ್ಕ ಹುಡುಗನಾಗಿದ್ದಾಗಿನಿಂದ ಕಟ್ಟುತ್ತಾ ಬಂದ ಫರ್ಗಾಟನ್ ರೆಲ್ಮ್ಸ್ ಲೋಕದ ಒಂದು ಖಂಡ. 1987ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಪೆಟ್ಟಿಗೆಯಾಗಿ ಬಂತು. ಭೂಗೋಳದ ಮಟ್ಟಿಗೆ ಇದರಷ್ಟು ಸಲೀಸು ಇನ್ನೊಂದಿಲ್ಲ. ಪಶ್ಚಿಮಕ್ಕೆ ಸಮುದ್ರ, ದಡದುದ್ದಕ್ಕೂ ವಾಟರ್‌ಡೀಪ್, ನೆವರ್‌ವಿಂಟರ್ ಅಂತ ಊರುಗಳು, ನಡುವೆ ಹೆದ್ದಾರಿ, ಉತ್ತರಕ್ಕೆ ಹಿಮದ ಬೆಟ್ಟಸಾಲು. ಮಂಗಳೂರು ಯಾವ ಕಡೆ, ಬೆಂಗಳೂರು ಯಾವ ಕಡೆ ಅಂತ ಗೊತ್ತಿರುವವರಿಗೆ ಹತ್ತು ನಿಮಿಷದಲ್ಲಿ ದಿಕ್ಕು ಸಿಗುತ್ತದೆ. ಎಷ್ಟು ದಿನದ ದಾರಿ, ಎಲ್ಲಿ ಉಳಿಯಬಹುದು, ಎಲ್ಲಿ ಕಳ್ಳರ ಕಾಟ ಅನ್ನೋದೆಲ್ಲ ಪುಸ್ತಕದಲ್ಲೇ ಬರೆದಿದೆ.

ದೇವರ ಜಾಗಗಳ ಕಥೆ ಬೇರೆ. ಹೊಸಬರಿಗಾಗಿ 2014ರಲ್ಲಿ ಬಂದ ಸ್ಟಾರ್ಟರ್ ಸೆಟ್‌ನಲ್ಲಿ ಫ್ಯಾಂಡಲಿನ್ ಅಂತ ಒಂದು ಸಣ್ಣ ಊರು ಬರುತ್ತದೆ. ಅಲ್ಲಿರುವುದು ಒಂದೇ ಗುಡಿ. ಅದೃಷ್ಟದ ದೇವತೆ ಟೈಮೋರಾಳದ್ದು, ಹಾಳುಬಿದ್ದ ಹಳೇ ಊರಿನ ಕಲ್ಲು ತಂದು ಕಟ್ಟಿದ್ದು. ಎಷ್ಟು ಚೆಂದದ ವಿವರ ಅಲ್ವಾ? ನಮ್ಮವರು ಒಳಗೆ ಹೋದರು, ಅಲ್ಲಿದ್ದ ಸಿಸ್ಟರ್ ಗರೇಲ್ ಹತ್ತಿರ ಕೆಲಸ ಒಪ್ಪಿಕೊಂಡರು, ಹೊರಟುಬಿಟ್ಟರು. ಕೈ ಮುಗಿದವರು ಒಬ್ಬರೂ ಇಲ್ಲ. ತಪ್ಪು ಅವರದ್ದಲ್ಲ. ಈ ಆಟದಲ್ಲಿ ಪೂಜಾರಿ ಪಾತ್ರ, ಅಂದರೆ ಕ್ಲೆರಿಕ್, ಎಲ್ಲಿ ಬೇಕಾದರೂ 8 ಗಂಟೆ ವಿಶ್ರಾಂತಿ ತಗೊಂಡು ಎದ್ದರೆ ಖರ್ಚಾದ ಮಂತ್ರಶಕ್ತಿ ಪೂರ್ತಿ ವಾಪಸ್ ಬರುತ್ತದೆ. ಮರದ ಕೆಳಗೆ ಮಲಗಿದರೂ ಅಷ್ಟೇ, ಮಹಾದೇವಾಲಯದಲ್ಲಿ ಮಲಗಿದರೂ ಅಷ್ಟೇ. ಹಾಗಿದ್ದ ಮೇಲೆ ಬೆಟ್ಟ ಹತ್ತಿ ದೇವರ ಹತ್ತಿರ ಯಾಕೆ ಹೋಗಬೇಕು?

ಫೇರೂನ್‌ನಲ್ಲಿ ಎರಡು ಜಾಗ ಮಾತ್ರ ನಮ್ಮ ಟೇಬಲ್ಲಿನಲ್ಲಿ ಜೀವ ತಳೆದವು. ಒಂದು ಗೋಲ್ಡನ್‌ಫೀಲ್ಡ್ಸ್. ಬೆಳೆಯ ದೇವತೆ ಚಾಂಟಿಯಾಳ ಮಠ ಅದು. ಕೋಟೆಗೋಡೆಯ ಒಳಗೆ ಇಡೀ ಹೊಲಗದ್ದೆಯೇ ಇದೆ, ಉತ್ತರದ ಊರುಗಳಿಗೆಲ್ಲ ಕಣಜ ಅದೇ. ತೋಟದವರಿಬ್ಬರೂ ಅಲ್ಲಿ ಕೂತು ಕೂಲಿ ಆಳುಗಳು ಎಷ್ಟು, ನೀರು ಎಲ್ಲಿಂದ, ದನಗಳ ಗೊಬ್ಬರ ಏನು ಮಾಡುತ್ತಾರೆ ಅಂತ ಕೇಳಿದ್ದೇ ಕೇಳಿದ್ದು. ಇನ್ನೊಂದು ಕ್ಯಾಂಡಲ್‌ಕೀಪ್. ಸಮುದ್ರದ ದಂಡೆಯ ಬಂಡೆ ಮೇಲಿನ ಗ್ರಂಥಾಲಯ. ಭವಿಷ್ಯವಾಣಿಗಳನ್ನು ಸನ್ಯಾಸಿಗಳು ಅಲ್ಲಿ ಎಡೆಬಿಡದೆ ಹಾಡುತ್ತಾ ಸುತ್ತುತ್ತಿರುತ್ತಾರೆ. ಒಳಗೆ ಹೋಗಬೇಕು ಅಂದರೆ ಒಂದು ಅಪರೂಪದ ಪುಸ್ತಕ ಕಾಣಿಕೆ ಕೊಡಬೇಕು. ಗ್ರೀನ್‌ವುಡ್ ಲೈಬ್ರರಿಯಲ್ಲಿ ಕೆಲಸ ಮಾಡಿದವರು, ಈ ಜಾಗದಲ್ಲಿ ಅದು ಎದ್ದು ಕಾಣುತ್ತದೆ. ಯಾವ ಪುಸ್ತಕ ಕೊಡೋದು ಅಂತ ನಮ್ಮವರು ಬಾಗಿಲಲ್ಲೇ ಜಗಳಕ್ಕೆ ಬಿದ್ದರು. "ಅಪ್ಪನ ದಿನಚರಿ ನಾನು ಕೊಡಲ್ಲ ಮಾರಾಯ, ಬೇಕಾದ್ರೆ ಹೊರಗೇ ಇರ್ತೀನಿ" ಅಂತ ಒಬ್ಬ ಹಠ ಹಿಡಿದ. ಆ ಸಂಜೆ ಒಂದು ಯುದ್ಧವೂ ಇಲ್ಲದೆ ಕಳೆಯಿತು, ಆದರೂ ಫೇರೂನ್‌ನ ನಮ್ಮ ಒಳ್ಳೆಯ ಆಟ ಅಂದರೆ ಅದೇ. ಜಾಗ ಏನನ್ನಾದರೂ ಕೇಳಬೇಕು. ಕೇಳಿದರೆ ಆಟಗಾರರು ಅದನ್ನು ಮರೆಯುವುದಿಲ್ಲ.

ಆಮೇಲೆ ನಾನು ನಿಯಮವನ್ನೇ ಸ್ವಲ್ಪ ಬದಲಾಯಿಸಿದೆ. 2014ರ ಡಂಜನ್ ಮಾಸ್ಟರ್ ಪುಸ್ತಕದಲ್ಲಿ, ಅಂದರೆ ಆಟ ನಡೆಸುವವರ ಪುಸ್ತಕದಲ್ಲಿ, ಒಂದು ಐಚ್ಛಿಕ ನಿಯಮ ಇದೆ: ಚಿಕ್ಕ ವಿಶ್ರಾಂತಿಗೆ 8 ಗಂಟೆ, ದೊಡ್ಡ ವಿಶ್ರಾಂತಿಗೆ 7 ದಿನ. ಅದರ ಜೊತೆಗೆ, ದೊಡ್ಡ ವಿಶ್ರಾಂತಿ ನಿಮ್ಮ ದೇವರ ಜಾಗದಲ್ಲೇ ಆಗಬೇಕು ಅಂತ ಸೇರಿಸಿದೆ. ಕೂಡಲೇ ಎಲ್ಲರೂ ಮ್ಯಾಪ್ ಮೇಲೆ ಬಗ್ಗಿ ಹತ್ತಿರದ ಗುಡಿ ಹುಡುಕೋಕೆ ಶುರು ಮಾಡಿದರು. ಫೇರೂನ್‌ನಲ್ಲೇ ಆಡುವವರು ಇದನ್ನು ಖಂಡಿತ ಮಾಡಿ ನೋಡಿ.

ಎಬೆರಾನ್ ಬಗ್ಗೆ ಕಡಿಮೆ ಹೇಳುತ್ತೇನೆ. ಚೆನ್ನಾಗಿಲ್ಲ ಅಂತಲ್ಲ, ಅಲ್ಲಿ ಭೂಗೋಳಕ್ಕಿಂತ ರಾಜಕೀಯ ಜಾಸ್ತಿ. 2002ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಹೊಸ ಲೋಕ ಬೇಕು ಅಂತ ಕರೆದ ಸ್ಪರ್ಧೆಗೆ 11,000ಕ್ಕೂ ಹೆಚ್ಚು ಪ್ರಸ್ತಾವ ಬಂದಿದ್ದವು. ಅದರಲ್ಲಿ ಗೆದ್ದದ್ದು ಕೀತ್ ಬೇಕರ್ ಅವರ ಈ ಲೋಕ, ಪುಸ್ತಕ ಬಂದಿದ್ದು 2004ರಲ್ಲಿ. ಇಲ್ಲಿ ದೇವರುಗಳು ಕಾಣಿಸಿಕೊಳ್ಳುವುದಿಲ್ಲ, ಮಾತಾಡುವುದಿಲ್ಲ. ಇದ್ದಾರೋ ಇಲ್ಲವೋ ಯಾರಿಗೂ ಖಾತ್ರಿ ಇಲ್ಲ. ನಂಬಿಕೆ ಇದ್ದರೆ ಮಂತ್ರ ನಡೆಯುತ್ತದೆ, ಪೂಜಾರಿ ಕೆಟ್ಟವನಾದರೂ ನಡೆಯುತ್ತದೆ. ಫ್ಲೇಮ್‌ಕೀಪ್ ಅನ್ನುವ ಊರಿನಲ್ಲಿ ಮಾತ್ರ ಜನ ಪೂಜಿಸುವ ಬೆಳ್ಳಿ ಜ್ವಾಲೆ ಕಣ್ಣೆದುರು ಕಂಬದ ಹಾಗೆ ಉರಿಯುತ್ತಿರುತ್ತದೆ. ಅದನ್ನು ಕಾಯುವವಳು ಜೇಲಾ ಡಾರನ್, 11 ವರ್ಷದ ಹುಡುಗಿ. ಆ ಊರೊಳಗೆ ಅವಳಿಗೆ ಎದುರಿಲ್ಲ, ಊರು ದಾಟಿದರೆ ಶಕ್ತಿ ತುಂಬಾ ಇಳಿದುಹೋಗುತ್ತದೆ. ನೆಲಕ್ಕೂ ದೈವಕ್ಕೂ ಇರುವ ನಂಟನ್ನು ಒಂದು ಮಗುವಿನ ಮೇಲೆ ಇಟ್ಟು ತೋರಿಸಿದ್ದಾರೆ, ಅದು ನನಗೆ ಬಹಳ ಇಷ್ಟವಾಯಿತು. ಜ್ವಾಲೆಯೊಳಗೆ ಕಟ್ಟಿಹಾಕಿದ ರಾಕ್ಷಸನೂ ಇದ್ದಾನೆ, ಅವನೂ ಪಿಸುಗುಡುತ್ತಾನೆ. ಕೇಳಿಸಿದ ದನಿ ಯಾರದ್ದು ಅಂತ ನಮ್ಮ ಕ್ಲೆರಿಕ್‌ಗೆ ಕೊನೆಗೂ ಗೊತ್ತಾಗಲಿಲ್ಲ.

ಎಬೆರಾನ್‌ನಲ್ಲಿ ನನ್ನನ್ನು ತಟ್ಟಿದ್ದು ಬೇರೆಯೇ ಜಾಗ. ಸೈರ್ ಅಂತ ಒಂದು ದೇಶ ಇತ್ತು. ಅದು 994ನೇ ವರ್ಷದಲ್ಲಿ ಒಂದೇ ದಿನದಲ್ಲಿ ನಾಶವಾಗಿ ಬೂದು ಮಂಜಿನ ಮೌರ್ನ್‌ಲ್ಯಾಂಡ್ ಆಯಿತು. ಅಲ್ಲಿ ಗಾಯ ಮಾಯುವುದಿಲ್ಲ, ಹೆಣ ಕೊಳೆಯುವುದಿಲ್ಲ. ಬದುಕಿ ಉಳಿದವರು ಬೇರೆ ದೇಶಗಳಲ್ಲಿ ನಿರಾಶ್ರಿತರು. ಹಾಸನದ ಹುಡುಗ ಸೈರ್‌ನವನ ಪಾತ್ರ ಆರಿಸಿಕೊಂಡ. ಅವನ ಅಜ್ಜಿಯ ಹಳ್ಳಿ ಹೇಮಾವತಿ ಹಿನ್ನೀರಲ್ಲಿ ಮುಳುಗಿದ್ದು. ಶೆಟ್ಟಿಹಳ್ಳಿಯ ಹಳೇ ಚರ್ಚನ್ನು ನೋಡೋಕೆ ಎಲ್ಲರೂ ಹೋಗುತ್ತಾರೆ, ನೀರು ಇಳಿದಾಗ ಅದು ಪೂರ್ತಿ ಕಾಣುತ್ತದೆ, ಫೋಟೊ ತೆಗೆದುಕೊಳ್ಳುತ್ತಾರೆ. ಆದರೆ ಅಜ್ಜಿಯ ಊರಿನ ಮಾರಿಗುಡಿಯನ್ನು ನೋಡೋಕೆ ಯಾರೂ ಹೋಗುವುದಿಲ್ಲ, ಅದು ಎಲ್ಲಿತ್ತು ಅಂತ ತೋರಿಸೋಕೂ ಈಗ ಜನ ಇಲ್ಲ ಅಂದ. ಅವನ ಪಾತ್ರ ಮಂಜಿನೊಳಗೆ ಹೋಗಿದ್ದು ನಿಧಿಗಾಗಿ ಅಲ್ಲ, ತನ್ನ ಬೀದಿಯ ಗುಡಿಯಲ್ಲಿ ಒಂದು ದೀಪ ಹಚ್ಚೋಕೆ. ಪುಸ್ತಕದಲ್ಲಿ ಅಂಥ ಗುಡಿ ಇಲ್ಲ, ನಾನು ಅಲ್ಲೇ ಕಟ್ಟಿಕೊಟ್ಟೆ. ಕಳೆದುಕೊಂಡ ದೇವರ ಜಾಗದ ಬಗ್ಗೆ ಆಡಬೇಕು ಅನ್ನುವವರು ಬೇರೆ ಯಾವುದನ್ನೂ ನೋಡಬೇಡಿ, ಎಬೆರಾನ್ ಹಿಡಿಯಿರಿ.

ಈಗ ಗ್ಲೊರಾಂಥಾ. ಗ್ರೆಗ್ ಸ್ಟಾಫರ್ಡ್ ಈ ಲೋಕದ ಬಗ್ಗೆ ಬರೆಯಲು ಶುರು ಮಾಡಿದ್ದು 1966ರಲ್ಲಿ. 1975ರಲ್ಲಿ ಇದು ಬೋರ್ಡ್ ಗೇಮ್ ಆಗಿ ಬಂತು, 1978ರಲ್ಲಿ ರೂನ್‌ಕ್ವೆಸ್ಟ್ ಆಟವಾಗಿ. ನಾವು ಆಡುವುದು 2018ರ ಆವೃತ್ತಿ.

ಇಲ್ಲಿ ಭೂಮಿ ಗುಂಡಗಿಲ್ಲ, ಚಪ್ಪಟೆ, ಸುತ್ತ ಸಮುದ್ರ. ನಡುಮಧ್ಯದಲ್ಲಿ ಒಮ್ಮೆ ಸ್ಪೈಕ್ ಅನ್ನುವ ಲೋಕಪರ್ವತ ಇತ್ತು. ಕತ್ತಲ ಯುಗದಲ್ಲಿ ಅದು ಸಿಡಿದು ಚೂರಾಗಿ, ಆ ಜಾಗದಲ್ಲಿ ಲೋಕಕ್ಕೇ ತೂತು ಬಿತ್ತು. ತೂತು ಮುಚ್ಚೋಕೆ ನೀರಿನ ದೇವರು ಮಗಾಸ್ತಾ ಎಲ್ಲ ನೀರನ್ನೂ ಕರೆದ. ಅಲ್ಲಿಯವರೆಗೆ ನದಿಗಳು ಸಮುದ್ರದಿಂದ ನೆಲದ ಮೇಲಕ್ಕೆ ಹತ್ತುತ್ತಿದ್ದವು, ಅವನು ಕರೆದಿದ್ದೇ ತಿರುಗಿ ಕೆಳಗೆ ಓಡಿದವು. ಆ ಮಹಾಸುಳಿ ಇಂದಿಗೂ ಅಲ್ಲಿ ಸುತ್ತುತ್ತಿದೆ. ಭೂಗೋಳದ ಅಕ್ಕ ಇದನ್ನು ಕೇಳಿ ಪೆನ್ಸಿಲ್ ಕೆಳಗಿಟ್ಟರು. ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದನ್ನು ವರ್ಷವರ್ಷ ಬೋರ್ಡಿನ ಮೇಲೆ ಬರೆಯುವವರು ಅವರು. "ಅಂದ್ರೆ ಇಲ್ಲಿ ನದಿ ಯಾಕೆ ಇಳಿಯುತ್ತೆ ಅನ್ನೋದಕ್ಕೂ ಒಂದು ಕಾರಣ ಇದೆ" ಅಂದರು. ಇದೇ ವ್ಯತ್ಯಾಸ. ಫೇರೂನ್‌ನಲ್ಲಿ ಬೆಟ್ಟದ ಮೇಲೆ ದೇವಸ್ಥಾನ ಇರುತ್ತದೆ. ಗ್ಲೊರಾಂಥಾದಲ್ಲಿ ಬೆಟ್ಟವೇ ದೇವರು, ಅದರ ಆಕಾರಕ್ಕೂ ಒಂದು ಕಥೆ ಇರುತ್ತದೆ.

ಪ್ರಾಕ್ಸ್ ಅನ್ನುವ ಬರಡು ಬಯಲು ತಗೊಳ್ಳಿ. ಕಾಡೆಮ್ಮೆ, ಜಿಂಕೆ, ಘೇಂಡಾಮೃಗಗಳ ಮೇಲೆ ಸವಾರಿ ಮಾಡುವ ಬುಡಕಟ್ಟುಗಳು ಅಲ್ಲಿವೆ, ಒಬ್ಬರ ಹಿಂಡಿಗೆ ಇನ್ನೊಬ್ಬರು ನುಗ್ಗುತ್ತಲೇ ಇರುತ್ತಾರೆ. ಬಯಲಿನಲ್ಲಿ ಒಂದು ದೊಡ್ಡ ಬಂಡೆ ಇದೆ, ಹೆಸರು ಬ್ಲಾಕ್. ಸಿಡಿದ ಸ್ಪೈಕಿನದೇ ತುಂಡು ಅದು. ಬಿರುಗಾಳಿ ಗೂಳಿ ಅನ್ನುವ ದೇವರು ಅದನ್ನು ಪಿಶಾಚಿಯ ಮೇಲೆ ಕೆಡವಿದ, ಪಿಶಾಚಿ ಇನ್ನೂ ಕೆಳಗೇ ಇದ್ದಾನೆ. ಅದೇ ಪ್ರಾಕ್ಸ್‌ನಲ್ಲಿ ಹಿಂಡುಗಳ ತಾಯಿ ಐರಿತಾ ನೆಲದೊಳಗೆ ಮಲಗಿದ್ದಾಳೆ, ಅವಳ ಮೈಯೇ ಗುಡ್ಡಗಳ ಸಾಲು. ಪ್ಯಾಪ್ಸ್ ಅನ್ನುವುದು ಅವಳ ಕೆಚ್ಚಲಿನ ಜಾಗದ ಗುಡಿ, ಹೊಡೆದಾಡುವ ಬುಡಕಟ್ಟುಗಳಿಗೆಲ್ಲ ಪವಿತ್ರ. ನಾನು ಇಷ್ಟು ಹೇಳಿ, "ನೀವು ಈಗ ಗುಡ್ಡದ ಬುಡದಲ್ಲಿದ್ದೀರಿ" ಅಂದೆ. ಬಿಂಡಿಗ ಕಡೆಯ ತೋಟದವನು ತಕ್ಷಣ "ನಾನು ಚಪ್ಪಲಿ ಬಿಡ್ತೀನಿ" ಅಂದ. ಯಾವ ನಿಯಮವೂ ಹಾಗೆ ಹೇಳಿಲ್ಲ. ಆಯುಧ ಎಲ್ಲಿ ಇಡಬೇಕು, ಬುಡದಲ್ಲಿ ನೀರು ಇದೆಯಾ, ಹೆಂಗಸರು ಮೊದಲು ಹತ್ತಬೇಕಾ ಅಂತ ಉಳಿದವರೂ ಕೇಳಲು ಶುರು ಮಾಡಿದರು. ದೀಪಾವಳಿಯಲ್ಲಿ ದೇವೀರಮ್ಮನ ಬೆಟ್ಟವನ್ನು ಕತ್ತಲಲ್ಲಿ, ಬರಿಗಾಲಲ್ಲಿ, ಜಾರುವ ಮಣ್ಣಲ್ಲಿ ಹತ್ತಿದವರಿಗೆ ಬೆಟ್ಟದ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅಂತ ಪುಸ್ತಕ ಹೇಳಿಕೊಡಬೇಕಾಗಿಲ್ಲ.

ಇದು ಬರೀ ಭಾವನೆಯ ಮಾತಲ್ಲ, ನಿಯಮವೂ ಜೊತೆಗಿದೆ. ರೂನ್‌ಕ್ವೆಸ್ಟ್‌ನಲ್ಲಿ ದೇವರ ಶಕ್ತಿ ಬಳಸಿದರೆ ರೂನ್ ಪಾಯಿಂಟ್ ಖರ್ಚಾಗುತ್ತದೆ. ಅದು ಮಲಗಿ ಎದ್ದರೆ ಬರುವುದಿಲ್ಲ. ದೇವರ ಹಬ್ಬದ ದಿನ, ಆ ದೇವರ ಜಾಗದಲ್ಲಿ, ಪೂಜೆ ಸರಿಯಾಗಿ ನಡೆದರೆ ವಾಪಸ್ ಬರುತ್ತದೆ. ಹಾಗಾಗಿ ಮ್ಯಾಪಿನ ಪಕ್ಕದಲ್ಲಿ ಯಾವಾಗಲೂ ಪಂಚಾಂಗ ಬೇಕು. ಇಲ್ಲಿನ ವರ್ಷಕ್ಕೆ 294 ದಿನ: 8 ವಾರಗಳ 5 ಋತು, ಕೊನೆಗೆ 2 ವಾರ ಪವಿತ್ರ ಕಾಲ. ಹಾಸನದ ಹುಡುಗನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ಊರಿನವನು, ದಿನ ತಪ್ಪಿದರೆ ದರ್ಶನ ಇಲ್ಲ ಅನ್ನೋದು ಅವನಿಗೆ ಗೊತ್ತು. ಈಗ ಆಟಗಾರರೇ ನನಗೆ ಹೇಳುತ್ತಾರೆ, "ಇವತ್ತು ಯುದ್ಧಕ್ಕೆ ಹೊರಟರೆ ಹಬ್ಬಕ್ಕೆ ಗುಡಿ ಮುಟ್ಟೋಕೆ ಆಗಲ್ಲ, ಯುದ್ಧ ಮುಂದಕ್ಕೆ ಹಾಕೋಣ" ಅಂತ. ಫೇರೂನ್‌ನಲ್ಲಿ ಇಂಥ ಮಾತು ಒಮ್ಮೆಯೂ ಬಂದಿರಲಿಲ್ಲ.

ತೊಂದರೆಗಳೂ ಇವೆ, ಸಣ್ಣವಲ್ಲ. ಓದುವುದು ವಿಪರೀತ. ಒಂದೇ ದೇವರಿಗೆ ಊರಿಗೊಂದು ಹೆಸರು, ಒಬ್ಬರ ಪುರಾಣ ಇನ್ನೊಬ್ಬರದ್ದಕ್ಕೆ ಹೊಂದುವುದಿಲ್ಲ. ಪಾತ್ರ ಕಟ್ಟೋಕೇ ಒಂದು ಸಂಜೆ ಹಿಡಿಯುತ್ತದೆ, ಅಜ್ಜ ಯಾವ ಯುದ್ಧದಲ್ಲಿ ಸತ್ತ ಅನ್ನೋದರಿಂದ ಶುರು ಮಾಡಬೇಕು. ಹೊಡೆದಾಟದಲ್ಲಿ ಏಟು ಬಿದ್ದರೆ ಕೈಗೋ ಕಾಲಿಗೋ ಅಂತಲೂ ದಾಳ ಹಾಕಬೇಕು. ಮೊದಲ ಸಲ ಆಡುವವರು ಇದರಲ್ಲಿ ಕೂತರೆ ಎರಡನೇ ಸಲ ಬರುವುದು ಕಷ್ಟ. ಅದಕ್ಕೇ ಹೊಸಬರಿಗೆ ಫೇರೂನ್ ಅನ್ನುವುದು: ಉಚಿತ ನಿಯಮಗಳು ಸಿಗುತ್ತವೆ, ದಾರಿ ಸುಲಭ, ದೇವರ ವಿಷಯಕ್ಕೆ ನಾನು ಹೇಳಿದ ವಿಶ್ರಾಂತಿ ನಿಯಮ ಸೇರಿಸಿಕೊಂಡರೆ ಅರ್ಧ ಕೆಲಸ ಆದಂತೆ. ಗುಂಪು ಒಗ್ಗಿದ ಮೇಲೆ ರೂನ್‌ಕ್ವೆಸ್ಟ್‌ನ ಉಚಿತ ಕ್ವಿಕ್‌ಸ್ಟಾರ್ಟ್ ಇಳಿಸಿಕೊಳ್ಳಿ, ಬೇಗ ಶುರು ಮಾಡೋಕೆ ಇರುವ ಸಣ್ಣ ಪುಸ್ತಕ ಅದು, ಅದರಲ್ಲೇ ಒಂದು ಕಥೆ ಇದೆ. ದಪ್ಪ ಪುಸ್ತಕಕ್ಕೆ ಆಗಲೇ ದುಡ್ಡು ಹಾಕಬೇಡಿ.

ನಮ್ಮ ಗುಂಪು ಈಗ ಗ್ಲೊರಾಂಥಾದ ಡ್ರ್ಯಾಗನ್ ಪಾಸ್‌ನಲ್ಲಿದೆ, ಕೆರೊ ಫಿನ್ ಬೆಟ್ಟದ ದಾರಿಯಲ್ಲಿ. ಗಾಳಿಯ ದೇವರು ಓರ್ಲಾಂತ್‌ನ ತಾಯಿ ಆ ಬೆಟ್ಟ. ಅವನ ದೊಡ್ಡ ಹಬ್ಬ ಬಿರುಗಾಳಿ ಋತುವಿನಲ್ಲಿ ಬರುತ್ತದೆ, ಅಷ್ಟರೊಳಗೆ ತಲುಪಬೇಕು. ನಡುವೆ ಕೆಂಪು ಚಂದ್ರನ ಸಾಮ್ರಾಜ್ಯದ ಕಾವಲು ಇದೆ, ಇಬ್ಬರ ಹತ್ತಿರ ರೂನ್ ಪಾಯಿಂಟ್ ಒಂದೂ ಉಳಿದಿಲ್ಲ. ಅಕ್ಕ ದಿನ ಲೆಕ್ಕ ಹಾಕಿ, ಕಾವಲಿನ ದಾರಿ ಬಿಟ್ಟು ಕಣಿವೆ ಬಳಸಿ ಹೋದರೂ ಹಬ್ಬದ ಹಿಂದಿನ ರಾತ್ರಿ ಬುಡ ಮುಟ್ಟಬಹುದು ಅನ್ನುತ್ತಿದ್ದಾರೆ. ತೋಟದವರಿಬ್ಬರೂ ಒಪ್ಪುತ್ತಿಲ್ಲ, ಮುಂದಿನ ಭಾನುವಾರ ಅದು ತೀರ್ಮಾನವಾಗಬೇಕು.