ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದ ಮೇಲೆ

ಹಳೇ ಕಾರಿನಲ್ಲಿ ಒಂದೊಂದು ಪ್ಲಗ್ಗಿಗೂ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಿಂದ ಪಾಯಿಂಟ್ (ಕರೆಂಟನ್ನು ಸರಿಯಾದ ಹೊತ್ತಿಗೆ ಕಡಿದು ಕಿಡಿ ಹುಟ್ಟಿಸುವ ಸ್ವಿಚ್), ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಪುಟ್ಟ ಡಬ್ಬಿ) ಎರಡನ್ನೂ ತೆಗೆದು ಅದೇ ಜಾಗದಲ್ಲಿ ಕೂರಿಸುವ ಎಲೆಕ್ಟ್ರಾನಿಕ್ ಕಿಟ್ ಇದು. ಪುಟ್ಟ ಮಾಡ್ಯೂಲ್, ನಡುವೆ ತಿರುಗುವ ಕ್ಯಾಮ್ ಮೇಲೆ ಕೂರುವ ಅಯಸ್ಕಾಂತದ ಬಳೆ, ಎರಡು ವೈರು, ಇಷ್ಟೇ. ಕ್ಯಾಪ್ ಮುಚ್ಚಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕಾರಿನ ಮೂಲ ರೂಪ ಕೆಡಬಾರದು ಅನ್ನುವವರಿಗೆ ಇದು ಇಷ್ಟವಾಗುತ್ತದೆ.

ಕೆಲಸ ಚೆನ್ನಾಗಿ ಮಾಡುತ್ತದೆ. ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್, ಐಡ್ಲಿಂಗ್ ಕೂಡ ಒಂದೇ ಸಮ. ಶಾಫ್ಟ್ ಸವೆದು ಅಲುಗಾಡುವ ಡಿಸ್ಟ್ರಿಬ್ಯೂಟರ್ ಆದರೆ, ನೀವು ಫೀಲರ್ ಗೇಜ್ ಹಿಡಿದು 0.40 ಮಿ.ಮೀ. ಅಂತ ಎಷ್ಟು ಜೋಪಾನವಾಗಿ ಪಾಯಿಂಟಿನ ಗ್ಯಾಪ್ ಇಟ್ಟರೂ ಎಂಜಿನ್ ಓಡುವಾಗ ಅದು ನಿಲ್ಲುವುದಿಲ್ಲ, ಅಲ್ವಾ? ಆ ತಲೆನೋವು ಇದರಲ್ಲಿ ಬಹಳ ಕಡಿಮೆ. ಆದರೆ ಪೆಟ್ಟಿಗೆ ಮೇಲೆ ಪವರ್ ಜಾಸ್ತಿ, ಮೈಲೇಜ್ ಜಾಸ್ತಿ ಅಂತ ಬರೆದಿರುವುದನ್ನು ನಂಬಬೇಡಿ. ಸರಿಯಾಗಿ ಸೆಟ್ ಮಾಡಿದ ಪಾಯಿಂಟ್‌ಗಿಂತ ಅಂಥ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ.

ನನ್ನ ತಕರಾರು ಕಿಟ್ ಬಗ್ಗೆ ಅಲ್ಲ, ಗಾಡಿ ಮಿಸ್ ಹೊಡೆಯುತ್ತಿದೆ ಅಂತ ಸುಮ್ನೆ ಇದನ್ನು ತಂದು ಹಾಕುವುದರ ಬಗ್ಗೆ. ಮೊದಲು ಕ್ಯಾಪ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಒಳಗೆ ಒಂದು ಕಂಬಿಯಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಇದ್ದರೆ ಕಿಡಿ ಅಲ್ಲೇ ಸೋರುತ್ತಿದೆ, ಕ್ಯಾಪ್ ಬದಲಿಸಿ. ಆಮೇಲೆ ಪಾಯಿಂಟ್ ಕೂತಿರುವ ಬೇಸ್ ಪ್ಲೇಟಿನ ಅರ್ತ್ ವೈರು ನೋಡಿ. ಬೆರಳುದ್ದವೂ ಇಲ್ಲದ ಆ ತುಂಡು ವೈರು, ಕಿಡಿಯನ್ನು ಸ್ವಲ್ಪ ಬೇಗ ಬರಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಆ ಪ್ಲೇಟನ್ನು ಎಳೆದಾಗಲೆಲ್ಲ ಬಾಗಿ ಬಾಗಿ ಒಳಗೇ ತುಂಡಾಗಿರುತ್ತದೆ, ಮೇಲಿನ ಹೊದಿಕೆ ಮಾತ್ರ ನೆಟ್ಟಗಿರುತ್ತದೆ. ಎಕ್ಸಲರೇಟರ್ ಒತ್ತಿದಾಗ ಮಾತ್ರ ಮಿಸ್ ಆದರೆ ನನ್ನ ಮೊದಲ ಅನುಮಾನ ಇದರ ಮೇಲೇ. ಎರಡು ವೈರಿನ ಈ ಮಾಡ್ಯೂಲ್ ಅರ್ತ್ ಪಡೆಯುವುದೂ ಅದೇ ಪ್ಲೇಟಿನಿಂದ, ಹಾಗಾಗಿ ಹಳೇ ಕಾಯಿಲೆ ಹೊಸ ಕಿಟ್‌ಗೂ ಅಂಟಿಕೊಳ್ಳುತ್ತದೆ.

ಬಿಸಿಯಾದಾಗ ಆಫ್ ಆಗಿ, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕಂಡೆನ್ಸರ್ ಇಲ್ಲವೇ ಕಾಯಿಲ್ (ಬ್ಯಾಟರಿಯ 12 ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ) ಮೇಲೆ ಅನುಮಾನ ಪಡಬೇಕು. ಕಿಟ್ ಬಂದರೆ ಕಂಡೆನ್ಸರ್ ಪಟ್ಟಿಯಿಂದ ಹೋಯಿತು, ಕಾಯಿಲ್ ಉಳಿಯಿತು. ವೈರು ಕಳಚಿ ಮೀಟರ್ ಇಡಿ. ಬ್ಯಾಲಸ್ಟ್ (ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲ್ ಪ್ರೈಮರಿಯಲ್ಲಿ, ಅಂದರೆ ಪ್ಲಸ್ ಮೈನಸ್ ಟರ್ಮಿನಲ್ ನಡುವೆ, ಸುಮಾರು 3 ಓಮ್ ತೋರಿಸುತ್ತದೆ, ಬ್ಯಾಲಸ್ಟ್ ರೆಸಿಸ್ಟರ್ ಜೊತೆಗೆ ಬರುವ ಕಾಯಿಲ್ ಸುಮಾರು 1.5 ಓಮ್. ಈ ಎರಡನೆಯದನ್ನು ಬ್ಯಾಲಸ್ಟ್ ಇಲ್ಲದೆ ನೇರವಾಗಿ ಕೊಟ್ಟರೆ ಕರೆಂಟು ಹೆಚ್ಚುಕಡಿಮೆ ದುಪ್ಪಟ್ಟಾಗಿ ಮಾಡ್ಯೂಲ್ ಸುಡುತ್ತದೆ. ಬ್ಯಾಲಸ್ಟ್ ಇರುವ ಗಾಡಿಯಲ್ಲಿ ಮಾಡ್ಯೂಲಿನ ಕೆಂಪು ವೈರನ್ನು ಅದಕ್ಕಿಂತ ಮುಂಚೆ, ಪೂರ್ತಿ 12 ವೋಲ್ಟ್ ಸಿಗುವ ಕಡೆ ಸೇರಿಸಬೇಕು. ಇಷ್ಟು ಮುಖ್ಯವಾದ ವಿಷಯವನ್ನು ಜೊತೆಗೆ ಕೊಟ್ಟ ಹಾಳೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದೇ ಸಾಲು ಬರೆದಿದ್ದಾರೆ, ಅದಕ್ಕೇ ಐದರಲ್ಲಿ ಒಂದು ಸ್ಟಾರ್ ಕಡಿಮೆ.

ಎಂಜಿನ್ ಆಫ್ ಇದ್ದಾಗ ಕೀ ಆನ್ ಬಿಟ್ಟು ರೇಡಿಯೋ ಕೇಳಬೇಡಿ, ಕಾಯಿಲ್ ಕಾದು ಮಾಡ್ಯೂಲ್ ಹೋಗುತ್ತದೆ. ಪಾಸಿಟಿವ್ ಅರ್ತ್ ಗಾಡಿಗೆ, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುವ ಗಾಡಿಗೆ, ಬೇರೆ ಮಾಡ್ಯೂಲೇ ಬೇಕು. ಪಾಯಿಂಟ್ ಸಾಯುವ ಮುಂಚೆ ಕೆಮ್ಮಿ ಹೇಳುತ್ತದೆ, ರಸ್ತೆ ಬದಿಯಲ್ಲೇ ಉಜ್ಜಿಕೊಂಡು ಮನೆ ಸೇರಬಹುದು. ಮಾಡ್ಯೂಲ್ ಹೇಳದೆ ಕೇಳದೆ ಹೋಗುತ್ತದೆ. ಹಳೇ ಪಾಯಿಂಟ್, ಕಂಡೆನ್ಸರ್, ಒಂದು ಸ್ಕ್ರೂಡ್ರೈವರ್ ಡಿಕ್ಕಿಯಲ್ಲಿ ಇರಲಿ.

ಇನ್ನೊಂದು. ಕಿಟ್ ಕೂರಿಸಿದ ಮೇಲೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತನ್ನು, ಟೈಮಿಂಗ್ ಲೈಟ್ ಹಿಡಿದು ನೋಡಲೇಬೇಕು. ಮೊದಲಿದ್ದ ಟೈಮಿಂಗ್‌ಗೂ ಈಗಿನದಕ್ಕೂ ಸಾಮಾನ್ಯವಾಗಿ ಕೆಲವು ಡಿಗ್ರಿ ವ್ಯತ್ಯಾಸ ಬಂದಿರುತ್ತದೆ. ಡಿಸ್ಟ್ರಿಬ್ಯೂಟರ್ ಸಡಿಲಿಸಿ ಅದನ್ನು ಸರಿಮಾಡದೆ ಹೊರಟರೆ ಏರಿನಲ್ಲಿ ಎಂಜಿನ್ ಟಕಟಕ ಅನ್ನುವ ನಾಕಿಂಗ್ ಶುರುವಾಗಬಹುದು, ಬೈಗುಳ ಪಾಪ ಕಿಟ್‌ಗೆ ಬೀಳುತ್ತದೆ.