ಪಂಪಿಲ್ಲದ ಕಟ್ಟಿಗೆ ಬಾಯ್ಲರ್: ಒಂದು ಮಳೆಗಾಲ ಕಳೆದ ಮೇಲೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಕಳೆದ ಮೇ ತಿಂಗಳಲ್ಲಿ ಕಟ್ಟಿಗೆ ಬಾಯ್ಲರ್ ಹಾಕಿಸಿದೆವು. ಶಿವಮೊಗ್ಗದ ಒಂದು ವರ್ಕ್‌ಶಾಪಿನವರು ಮಾಡಿಕೊಟ್ಟಿದ್ದು. ಬಚ್ಚಲೊಲೆಯ ಸುತ್ತ ಎರಡು ಪದರದ ಸ್ಟೀಲ್ ಗೋಡೆ, ನಡುವೆ ನೀರು. ಅಲ್ಲಿಂದ ಅಟ್ಟದ ಮೇಲಿನ 150 ಲೀಟರ್ ಟ್ಯಾಂಕಿಗೆ ಎರಡು ಪೈಪು. ಸೋಲಾರ್ ಯಾಕೆ ಬೇಡ ಅಂದರೆ, ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಬಿಸಿಲು ಕಾಣುವುದೇ ಅಪರೂಪ. ಗೀಸರ್ ನಂಬೋಣ ಅಂದರೆ ಮಳೆಗಾಲದಲ್ಲಿ ಕರೆಂಟು ಇರಬೇಕಲ್ಲ.

ಇದಕ್ಕೆ ಪಂಪು ಬೇಡ. ಬಿಸಿಯಾದ ನೀರು ಹಗುರಾಗಿ ಮೇಲಿನ ಪೈಪಿನಲ್ಲಿ ಏರುತ್ತದೆ. ಟ್ಯಾಂಕಿನ ತಳದ ತಣ್ಣೀರು ತನ್ನ ಭಾರಕ್ಕೇ ಕೆಳಗಿನ ಪೈಪಿನಲ್ಲಿ ಒಲೆಗೆ ಇಳಿಯುತ್ತದೆ. ಉರಿ ಇರುವ ತನಕ ನೀರು ಹೀಗೇ ಸುತ್ತುತ್ತಿರುತ್ತದೆ.

ಮೊದಲ ವಾರ ಮಾತ್ರ ಅಳು ಬರುವಂತಾಗಿತ್ತು. ಎರಡು ಗಂಟೆ ಉರಿ ಹಾಕಿದರೂ ಟ್ಯಾಂಕು ತಣ್ಣಗೆ. ಒಲೆಯ ಗೋಡೆಯೊಳಗೆ ಗುಡುಗುಡು ಸದ್ದು. "ಹಂಡೆಯೇ ಸಾಕಿತ್ತಲ್ಲ ಮಾರಾಯ್ತಿ" ಅಂದರು ಮಾವ. ಏಣಿ ಹತ್ತಿ ಮೇಲಿನ ಪೈಪಿನುದ್ದಕ್ಕೂ ಕೈ ತಾಗಿಸಿ ನೋಡಿದೆ. ತೊಲೆಯ ತನಕ ಕೈ ಇಡಲಾಗದಷ್ಟು ಬಿಸಿ. ತೊಲೆ ದಾಟಿದ ಕೂಡಲೇ ತಣ್ಣಗೆ. ಫಿಟ್ಟಿಂಗ್‌ಗೆ ಬಂದ ಹುಡುಗರು ಪೈಪನ್ನು ತೊಲೆಯ ಮೇಲೆ ಹತ್ತಿಸಿ ಮತ್ತೆ ಕೆಳಗೆ ಇಳಿಸಿದ್ದರು. ಆ ಡುಬ್ಬದಲ್ಲಿ ಗಾಳಿ ಕಟ್ಟಿಕೊಂಡು ನೀರಿಗೆ ದಾರಿಯೇ ಇರಲಿಲ್ಲ. ಫೋನ್ ಮಾಡಿದ ನಾಲ್ಕನೇ ದಿನ ಬಂದರು. ತೊಲೆಯ ಕೆಳಗಿಂದ ಪೈಪು ಹಾಯಿಸಿ, ಟ್ಯಾಂಕಿನ ತನಕ ಒಂದೇ ಸಮ ಏರು ಕೊಟ್ಟರು. ಅವತ್ತು ಸಂಜೆ ಮುಕ್ಕಾಲು ಗಂಟೆಯಲ್ಲಿ ಸ್ನಾನಕ್ಕೆ ನೀರು ಕಾಯಿತು. ಮಾವನೇ ಮೊದಲು ಸ್ನಾನಕ್ಕೆ ಹೋದರು.

ಹಾಕಿಸುವವರು ಪೈಪಿನ ಈ ಏರನ್ನು ನಿಂತು ನೋಡಿ. ಪೈಪಿಗೆ ಫೋಮ್ ಸುತ್ತಿಸಿ, ಅದಕ್ಕೆ ಮಳೆನೀರು ತಾಗದ ಹಾಗೆ ನೋಡಿಕೊಳ್ಳಿ. ಒದ್ದೆಯಾದ ಫೋಮ್ ಶಾಖ ತಡೆಯುವುದಿಲ್ಲ. ಟ್ಯಾಂಕಿನಿಂದ ಹಂಚಿನ ಮೇಲಕ್ಕೆ ಹೋಗುವ ಗಾಳಿ ಪೈಪನ್ನಂತೂ ಯಾವತ್ತೂ ಮುಚ್ಚಬೇಡಿ. ನೀರು ಕುದಿದಾಗ ಆವಿ ಹೊರಗೆ ಹೋಗುವುದು ಅಲ್ಲಿಂದಲೇ. ಮುಚ್ಚಿದರೆ ಟ್ಯಾಂಕು ಸಿಡಿಯಬಹುದು.

100 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಕರೆಂಟಾದರೆ ಸುಮಾರು 2.3 ಯೂನಿಟ್ ಬೇಕು. ನಮಗೆ ತೋಟದ ಒಣ ಸೋಗೆ, ಅಡಿಕೆ ಸಿಪ್ಪೆಯಲ್ಲೇ ಆಗುತ್ತದೆ. ಆದರೆ ಹಸಿ ಕಟ್ಟಿಗೆ ಬೇಡವೇ ಬೇಡ. ಕಟ್ಟಿಗೆಯೊಳಗಿನ ಒಂದು ಲೀಟರ್ ನೀರು ಆವಿಯಾಗಲು ತಿನ್ನುವ ಶಾಖದಲ್ಲಿ ಐದು ಲೀಟರ್ ತಣ್ಣೀರನ್ನು ಕುದಿಸಬಹುದು.

ಒಂದೇ ಕೊರತೆ ಮಸಿ. ಗೋಡೆಗೆ ಮಸಿ ಕಟ್ಟಿದರೆ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ, ಬಿಸಿಯೆಲ್ಲ ಹೊಗೆ ಜೊತೆ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಕೆರೆಯುತ್ತೇನೆ, ಹಿಂದಿನ ಮೂಲೆಗೆ ಕೈ ಎಟುಕುವುದಿಲ್ಲ. ಆರ್ಡರ್ ಕೊಡುವಾಗಲೇ ಹಿಂಬದಿಗೊಂದು ಸಣ್ಣ ಬಾಗಿಲು ಕೇಳಿ ಮಾಡಿಸಿಕೊಳ್ಳಿ.