ಹ್ಯೂಗೋ ತಂತ್ರಾಂಶದ ದಾಖಲೆಗಳು: ಒಂದು ವಿಮರ್ಶೆ

ಸ್ಥಿರ ಜಾಲತಾಣಗಳನ್ನು (ಪುಟಗಳನ್ನು ಮೊದಲೇ ಸಿದ್ಧಪಡಿಸಿಟ್ಟ ತಾಣಗಳನ್ನು) ಕಟ್ಟಿಕೊಡುವ ತಂತ್ರಾಂಶಗಳಲ್ಲಿ, 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಆರಂಭಿಸಿದ, ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿರುವ ಹ್ಯೂಗೋ ತನ್ನ ವೇಗಕ್ಕೆ ಹೆಸರಾಗಿದೆ. ಅದರ ದಾಖಲೆಗಳನ್ನು, ಅಂದರೆ ಬಳಕೆಯ ವಿವರಣೆಗಳನ್ನು, ನಿರ್ವಹಿಸುವ ಕ್ರಮವೂ ಅಷ್ಟೇ ಮೆಚ್ಚುಗೆಗೆ ಅರ್ಹವೆಂಬುದು ನನ್ನ ಅಭಿಪ್ರಾಯ. ಪುಟಗಳೆಲ್ಲ ಮಾರ್ಕ್‌ಡೌನ್ (ಸರಳ ಗುರುತುಗಳಿಂದ ವಿನ್ಯಾಸ ಸೂಚಿಸುವ ಪಠ್ಯ) ಕಡತಗಳಾಗಿ, ತಂತ್ರಾಂಶಗಳ ಕಡತಗಳನ್ನು ಹಂಚಿಕೊಳ್ಳುವ ಗಿಟ್‌ಹಬ್ ತಾಣದ ಪ್ರತ್ಯೇಕ ರೆಪಾಸಿಟರಿಯಲ್ಲಿ (ಕಡತಗಳನ್ನೂ ಅವುಗಳ ಬದಲಾವಣೆಯ ಇತಿಹಾಸವನ್ನೂ ಇಡುವ ಸಂಗ್ರಹದಲ್ಲಿ) ಇವೆ. ತಪ್ಪು ಕಂಡವರು ಯಾರೇ ಆಗಲಿ, ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮೂಲಕ ತಿದ್ದುಪಡಿ ಸೂಚಿಸಬಹುದು. ದಾಖಲೆಯ ತಾಣವನ್ನು ಹ್ಯೂಗೋದಿಂದಲೇ ಕಟ್ಟುವುದರಿಂದ, ತಂತ್ರಾಂಶದ ಪ್ರತಿಯೊಂದು ಬದಲಾವಣೆಯ ಪರಿಣಾಮ ಮೊದಲು ತಟ್ಟುವವರಲ್ಲಿ ದಾಖಲೆಯ ನಿರ್ವಾಹಕರೂ ಇರುತ್ತಾರೆ.

ಈ ಶ್ರಮದ ಬೆಲೆ ಚೆನ್ನಾಗಿ ತಿಳಿದದ್ದು 2025ರ 0.146ನೇ ಆವೃತ್ತಿಯಲ್ಲಿ. ಟೆಂಪ್ಲೇಟ್ (ಪುಟಗಳ ಅಚ್ಚು) ವ್ಯವಸ್ಥೆಯನ್ನೇ ಹೊಸದಾಗಿ ರೂಪಿಸಿ, ‘ಪಾರ್ಷಿಯಲ್ಸ್’ (ಮರುಬಳಕೆಯ ಟೆಂಪ್ಲೇಟ್ ತುಣುಕುಗಳು) ಮತ್ತು ‘ಶಾರ್ಟ್‌ಕೋಡ್ಸ್’ (ಬರಹದ ನಡುವೆ ಸೇರಿಸುವ ತುಣುಕುಗಳು) ಫೋಲ್ಡರುಗಳ ಹೆಸರಿನ ಮುಂದೆ ಅಡಿಗೆರೆ ಸೇರಿಸಿ, ‘ಡಿಫಾಲ್ಟ್’ ಫೋಲ್ಡರನ್ನು ಕೈಬಿಟ್ಟಾಗ, ಹಳೆಯದರ ಜಾಗದಲ್ಲಿ ಏನು ಬಂದಿದೆ ಎಂಬುದನ್ನು ವಿವರಿಸಲು ಒಂದು ಪ್ರತ್ಯೇಕ ಪುಟವನ್ನೇ ಬರೆದರು. ಹೊಸ ಸೌಲಭ್ಯ ಯಾವ ಆವೃತ್ತಿಯಿಂದ ಲಭ್ಯವೆಂದು ಅದರ ವಿವರಣೆಯ ಪಕ್ಕದಲ್ಲೇ ಗುರುತಿಸುವ ಪದ್ಧತಿಯಂತೂ ಬಹಳ ಉಪಯುಕ್ತ.

ಟೆಂಪ್ಲೇಟಿನಲ್ಲಿ ಬಳಸುವ ಫಂಕ್ಷನ್‌ಗಳ (ಸಿದ್ಧ ಆದೇಶಗಳ) ವಿವರಣೆ ನಿಖರವಾಗಿದೆ, ಉದಾಹರಣೆಗಳೂ ಸಾಕಷ್ಟಿವೆ. ಆದರೆ ಟೆಂಪ್ಲೇಟಿನಲ್ಲಿ ಒಂದು ಚುಕ್ಕಿಯ (ಆ ಜಾಗದಲ್ಲಿ ಲಭ್ಯವಿರುವ ಮಾಹಿತಿಯನ್ನು ಸೂಚಿಸುವ ಚಿಹ್ನೆಯ) ಅರ್ಥ ಸಂದರ್ಭಕ್ಕೆ ತಕ್ಕಂತೆ ಬದಲಾಗುವ ಬಗೆ ಹೊಸಬರಿಗೆ ತೊಡಕಿನದು. ಅದಕ್ಕೆ ಇನ್ನೂ ನಿಧಾನವಾದ, ಹಂತ ಹಂತದ ಪಾಠ ಬೇಕು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ತಾಣದಲ್ಲಿ ಪ್ರಚಲಿತ ಆವೃತ್ತಿಯ ದಾಖಲೆ ಮಾತ್ರ ಸಿಗುತ್ತದೆ. ಹಳೆಯ ಥೀಮ್ (ತಾಣದ ಸಿದ್ಧ ವಿನ್ಯಾಸ) ನೆಚ್ಚಿಕೊಂಡು ಹಳೆಯ ಆವೃತ್ತಿಯಲ್ಲೇ ಉಳಿದವರು ರೆಪಾಸಿಟರಿಯ ಇತಿಹಾಸವನ್ನು ಕೆದಕಬೇಕು.